ಬೀಟಲ್ ಮತ್ತು 2ಸಿವಿಯನ್ನು ಹೋಲಿಸುವುದು ಹೇಗೆ?

ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಮೇಲಾ, ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಮೇಲಾ? ಎರಡೂ ಕಡಿಮೆ ದುಡ್ಡಿನ ಜನರಿಗೆಂದೇ ಮಾಡಿದ ಕಾರುಗಳು, ಹಾಗಾಗಿ ಈ ವಾದ ಇವತ್ತಿಗೂ ನಿಂತಿಲ್ಲ.

ಮೊದಲು ಸರಿಯಾದ ಮಾಡೆಲ್ ಆರಿಸಿಕೊಳ್ಳಿ. 1949ರಲ್ಲಿ ಮಾರಾಟಕ್ಕೆ ಬಂದ 2ಸಿವಿಗೆ ಇದ್ದದ್ದು 375 ಸಿಸಿ ಎಂಜಿನ್, 9 ಎಚ್‌ಪಿ. ಅದನ್ನು 1600 ಸಿಸಿ ಬೀಟಲ್ ಪಕ್ಕ ನಿಲ್ಲಿಸಿದರೆ ಅನ್ಯಾಯ ಅಲ್ವಾ? 1970ರ ದಶಕದ 602 ಸಿಸಿಯ 2ಸಿವಿ6 ಮತ್ತು ಅದೇ ಕಾಲದ ಬೀಟಲ್ 1200 ತಗೊಳ್ಳಿ. ಬೀಟಲ್‌ಗೆ 34 ಎಚ್‌ಪಿ, 2ಸಿವಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಅದರ ತೂಕವೂ ಕಡಿಮೆ, ಹಾಗಾಗಿ ಎರಡೂ ಗಂಟೆಗೆ 110 ಕಿ.ಮೀ. ಆಸುಪಾಸಿನಲ್ಲಿ ಸುಸ್ತಾಗುತ್ತವೆ.

ಆಮೇಲೆ ರಸ್ತೆ. ಉತ್ತ ಹೊಲದಲ್ಲಿ ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು ಎನ್ನುವುದು ಸಿಟ್ರೊಯೆನ್‌ನ ಆಗಿನ ಮುಖ್ಯಸ್ಥ ಪಿಯೆರ್ ಬುಲಾಂಜೆ ಇಟ್ಟ ಷರತ್ತು. ಅದಕ್ಕೇ ಒಂದೊಂದು ಬದಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಮೂಲಕ ಸಂಬಂಧ ಕಲ್ಪಿಸಿದ್ದಾರೆ. ತಿರುವಿನಲ್ಲಿ ಕಾರು ಭಯವಾಗುವಷ್ಟು ವಾಲುತ್ತದೆ, ಆದರೂ ಹಿಡಿತ ಬಿಡುವುದಿಲ್ಲ. ಬೀಟಲ್ 1200ರಲ್ಲಿ ಎಂಜಿನ್ ಹಿಂದೆ, ಹಿಂದಿನ ಆಕ್ಸಲ್ ಸ್ವಿಂಗ್ ಮಾದರಿಯದು, ಅಂದರೆ ಚಕ್ರ ಮೇಲೆ ಕೆಳಗೆ ಆಡಿದಾಗ ವಾಲುವಂಥದ್ದು. ವೇಗವಾಗಿ ತಿರುಗುವಾಗ ಆಕ್ಸಿಲರೇಟರ್‌ನಿಂದ ಒಮ್ಮೆಲೇ ಕಾಲು ತೆಗೆದರೆ ಹಿಂಭಾಗ ಹೊರಕ್ಕೆ ಎಳೆಯುತ್ತದೆ. ಎದುರಿಗೆ ವಾಹನ ಇಲ್ಲದ ಕಡೆ, ನಿಧಾನ ವೇಗದಲ್ಲೇ ಇದರ ಅಂದಾಜು ಮಾಡಿಕೊಳ್ಳಿ. ಕೆಟ್ಟ ರಸ್ತೆಗೆ ನಾನು ಕಣ್ಣು ಮುಚ್ಚಿ 2ಸಿವಿ ಅನ್ನುತ್ತೇನೆ.

ಎರಡಕ್ಕೂ ರೇಡಿಯೇಟರ್ ಇಲ್ಲ, ಗಾಳಿಯಿಂದಲೇ ತಂಪು. ಆದರೆ 2ಸಿವಿಯ ಫ್ಯಾನ್ ನೇರವಾಗಿ ಕ್ರ್ಯಾಂಕ್‌ಶಾಫ್ಟ್ ತುದಿಯಲ್ಲೇ ಕೂತಿದೆ. ಬೀಟಲ್‌ನಲ್ಲಿ ಡೈನಮೊ ತಿರುಗಿಸುವ ಬೆಲ್ಟೇ ಫ್ಯಾನನ್ನೂ ತಿರುಗಿಸುತ್ತದೆ. ಓಡಿಸುವಾಗ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿಕೊಂಡರೆ ಮನೆ ಹತ್ತಿರವೇ ಇದೆ ಎಂದು ಮುಂದೆ ಹೋಗಬೇಡಿ. ತಕ್ಷಣ ನಿಲ್ಲಿಸಿ ಬೆಲ್ಟ್ ನೋಡಿ, ಇಲ್ಲದಿದ್ದರೆ ಎಂಜಿನ್ ಕಾದು ಹಾಳಾಗುತ್ತದೆ.

ಬಿಡಿಭಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೀಟಲ್ ಮೆಕ್ಸಿಕೋದಲ್ಲಿ 2003ರವರೆಗೆ, 2ಸಿವಿ ಪೋರ್ಚುಗಲ್‌ನಲ್ಲಿ 1990ರವರೆಗೆ ತಯಾರಾಗಿವೆ.

ಹಳೆಯ ಕಾರು ಕೊಳ್ಳುವಾಗ ದುಡ್ಡು ತಿನ್ನುವುದು ತುಕ್ಕು. ಪೇಂಟ್ ಹೊಳಪಿಗೆ ಮರುಳಾಗದೆ ಬೀಟಲ್‌ನ ಹಿಂದಿನ ಸೀಟ್ ಎತ್ತಿ. ಅಲ್ಲಿ ಬ್ಯಾಟರಿ ಇದೆ, ಅದರ ಕೆಳಗಿನ ತಗಡು ಗಟ್ಟಿಯಾಗಿದೆಯಾ ಒತ್ತಿ ನೋಡಿ. ಬಾಗಿಲ ಕೆಳಗೆ ಹಾದುಹೋಗುವ, ಬಿಸಿಗಾಳಿ ಒಯ್ಯುವ ಹೀಟರ್ ಚಾನಲ್‌ಗಳನ್ನೂ ಬಿಡಬೇಡಿ, ಅವು ಹೋಗಿದ್ದರೆ ರಿಪೇರಿ ದೊಡ್ಡ ಕೆಲಸ. 2ಸಿವಿಯಲ್ಲಿ ಷಾಸಿ ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ, ಹಾಗಾಗಿ ಕೆಳಗೆ ಮಲಗಿಯೇ ನೋಡಬೇಕು. ಜೊತೆಗೆ ಮುಂದಿನ ಚಕ್ರವನ್ನು ಜ್ಯಾಕ್‌ನಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಆಡಿದರೆ ಕಿಂಗ್‌ಪಿನ್‌ಗೆ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲಿಗೆ) ಗ್ರೀಸ್ ಕಾಣದೆ ತುಂಬಾ ದಿನ ಆಗಿರಬಹುದು. ಅಷ್ಟಕ್ಕೇ ಕಾರು ಬೇಡ ಅನ್ನಬೇಡಿ, ಬೆಲೆ ಇಳಿಸಿ ಕೇಳಿ. ಷಾಸಿ ಲಡ್ಡಾಗಿದ್ದರೆ ಮಾತ್ರ, ಹೊಸ ಷಾಸಿಯ ಖರ್ಚು ಸೇರಿಸಿಯೇ ಬೀಟಲ್ ಬೆಲೆಯ ಜೊತೆ ಹೋಲಿಸಿ.