ಮೆಟ್ಟಿಲ ಗೋಡೆ ಮೇಲೆ ಯುದ್ಧಕಾಲದ ನಗು

ಷೆಲ್ ಬಿದ್ದು ಗೋಡೆಗೆ ಇಷ್ಟು ದೊಡ್ಡ ತೂತು ಬಿದ್ದಿದೆ. ಮಾತಿನಮಲ್ಲ ಹುಡುಗ ಸಿಪಾಯಿ ಕೇಳುತ್ತಾನೆ, 'ಈ ತೂತು ಯಾರು ಮಾಡಿದ್ದು?' ಪಕ್ಕದಲ್ಲಿ ಬೇಸತ್ತು ನಿಂತಿರುವ ಹಳಬ ಹೇಳುತ್ತಾನೆ, 'ಇಲಿ.'

ಈ ಚಿತ್ರ ನನಗೆ ಸಿಕ್ಕಿದ್ದು ಒಂದು ಭಾನುವಾರದ ಸಂತೆಯಲ್ಲಿ. ಇಲ್ಲಿ ಇಂಗ್ಲೆಂಡಿನಲ್ಲಿ ಜನ ಕಾರಿನ ಡಿಕ್ಕಿ ತೆರೆದು ಹಳೆ ಸಾಮಾನು ಮಾರುತ್ತಾರಲ್ಲ, ಅಂಥದ್ದು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ ಹಾಳೆಗಳಿದ್ದವು, ಅಂಚು ಹರಿದು, ಪಿನ್ನು ತುಕ್ಕು ಹಿಡಿದು, ಬಣ್ಣ ಚಹಾ ಚೆಲ್ಲಿದ ಹಾಗೆ. ಅಲ್ಲೇ ನಿಂತು ನಕ್ಕುಬಿಟ್ಟೆ. ಮನೆಗೆ ತಂದ ಮೇಲೆ, ಮೂರು ವರ್ಷದಿಂದ ಖಾಲಿ ಇದ್ದ ಮೆಟ್ಟಿಲ ಪಕ್ಕದ ಗೋಡೆ ನೆನಪಾಯಿತು.

ಬರೆದವನು ಬ್ರೂಸ್ ಬೇರ್ನ್ಸ್‌ಫಾದರ್. ಹುಟ್ಟಿದ್ದು 1887ರಲ್ಲಿ, ಆಗಿನ ಭಾರತದ ಮರ್ರಿ ಬೆಟ್ಟದಲ್ಲಿ, ಈಗ ಅದು ಪಾಕಿಸ್ತಾನದಲ್ಲಿದೆ. ಮೊದಲ ಮಹಾಯುದ್ಧದಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟಿನ ಅಧಿಕಾರಿ. ನಾನಿರುವುದೂ ವಾರ್ವಿಕ್‌ಶೈರಿನಲ್ಲೇ, ಹಾಗಾಗಿ ಈ ಮನುಷ್ಯ ನನಗೆ ಪಕ್ಕದ ಮನೆಯವನ ಹಾಗೆ. ಬೆಲ್ಜಿಯಂನ ಮುರುಕು ಮನೆಗಳಲ್ಲಿ ತಂಗಿದ್ದಾಗ ಬೇಜಾರು ಕಳೆಯಲು ಗೋಡೆ ಮೇಲೇ ಚಿತ್ರ ಬರೆಯುತ್ತಿದ್ದ. ಆಮೇಲೆ 'ಬೈಸ್ಟ್ಯಾಂಡರ್' ಪತ್ರಿಕೆಗೆ ಕಳಿಸತೊಡಗಿದ. ಕಂದಕದಲ್ಲಿದ್ದವರು ಆ ಪುಟಗಳನ್ನು ಕತ್ತರಿಸಿ ತಾವಿದ್ದ ಬಿಲಗಳಲ್ಲಿ ಅಂಟಿಸಿಕೊಂಡರು. ಅಂದರೆ ಈ ಚಿತ್ರಗಳು ಶುರುವಾಗಿದ್ದೇ ಗೋಡೆಯಲ್ಲಿ, ಅಲ್ವಾ? ಇದನ್ನು ಓದಿದ ಮೇಲೆ 'ಯುದ್ಧದ ಜೋಕನ್ನು ಮನೆಯಲ್ಲಿ ನೇತುಹಾಕೋದಾ' ಅನ್ನುವ ನನ್ನ ಅಳುಕು ಹೋಯಿತು.

ಆದರೂ ಸಿಕ್ಕಿದ್ದನ್ನೆಲ್ಲ ಹಾಕಲಿಲ್ಲ. ಶತ್ರುವನ್ನು ಮೃಗದ ಹಾಗೆ ತೋರಿಸುವ ಚಿತ್ರಗಳೂ ಪೆಟ್ಟಿಗೆಯಲ್ಲಿ ಇದ್ದವು. ಕೈಚಳಕ ಚೆನ್ನಾಗಿರಬಹುದು, ಆದರೆ ದಿನಾ ಬೆಳಿಗ್ಗೆ ಮಕ್ಕಳು ಅದನ್ನು ನೋಡಿಕೊಂಡು ಇಳಿದುಬರುವುದು ನನಗೆ ಬೇಡ. ಕೆಸರಿನಲ್ಲಿ ನಿಂತವನು ತನ್ನ ಪಾಡು ಕಂಡು ತಾನೇ ನಗುವ ಚಿತ್ರಗಳನ್ನು ಮಾತ್ರ ಆರಿಸಿಕೊಂಡೆ.

ಮುಂದಿನದು ಕಾಪಿರೈಟ್. ಇದನ್ನು ಬಹಳ ಜನ ನೋಡುವುದೇ ಇಲ್ಲ. ಬ್ರಿಟನ್ನಿನಲ್ಲಿ ಕಲಾವಿದ ತೀರಿಕೊಂಡ ವರ್ಷದ ಮೇಲೆ 70 ವರ್ಷ ಅದು ಉಳಿಯುತ್ತದೆ, ಭಾರತದಲ್ಲಿ 60. ಬೇರ್ನ್ಸ್‌ಫಾದರ್ ತೀರಿಕೊಂಡಿದ್ದು 1959ರಲ್ಲಿ, ಹಾಗಾಗಿ ಇಲ್ಲಿ 2029 ಮುಗಿಯುವ ತನಕ ಅನುಮತಿ ಇಲ್ಲದೆ ಅವನ ಚಿತ್ರ ಪ್ರಿಂಟ್ ಮಾಡುವ ಹಾಗಿಲ್ಲ. ಕೈಯಲ್ಲಿರುವ ಹಳೆ ಹಾಳೆಗೆ ಚೌಕಟ್ಟು ಹಾಕಿಸಲು ಯಾರ ಅಡ್ಡಿಯೂ ಇಲ್ಲ. ಇನ್ನೊಬ್ಬ ಚಿತ್ರಕಾರ ಹೀತ್ ರಾಬಿನ್ಸನ್ ತೀರಿಕೊಂಡಿದ್ದು 1944ರಲ್ಲಿ, ಅವನ ಚಿತ್ರ 2015ರಿಂದ ಎಲ್ಲರದ್ದು. ಹಗ್ಗ, ರಾಟೆ, ಗಂಟು, ಕೊಡೆ ಎಲ್ಲ ಸೇರಿಸಿ ಅಸಾಧ್ಯ ಯಂತ್ರ ಬರೆಯುತ್ತಿದ್ದವನು ಇವನು. ಎರಡನೇ ಯುದ್ಧದಲ್ಲಿ ಬ್ರಿಟನ್ನಿನ ಗುಪ್ತಲಿಪಿ ಕೇಂದ್ರ ಬ್ಲೆಚ್ಲಿ ಪಾರ್ಕಿನವರು ಜರ್ಮನ್ನರ ಗುಪ್ತ ಸಂದೇಶ ಬಿಡಿಸಲು ಬಳಸಿದ ಒಂದು ಯಂತ್ರಕ್ಕೆ ಇವನ ಹೆಸರನ್ನೇ ಇಟ್ಟಿದ್ದರು. ಅವನ 1915ರ ಸುಮಾರಿನ ಎರಡು ಚಿತ್ರ ನನ್ನ ಹತ್ತಿರ ಇದ್ದವು. ಪ್ರಿಂಟ್ ಮಾಡಿಸಿದ್ದು ಅವೆರಡನ್ನು.

ಸ್ಕ್ಯಾನ್ ಮಾಡುವಾಗ ಕಲಿತದ್ದು ಜಾಸ್ತಿ. ಆ ಕಾಲದ ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಟ್ಟರೆ ಅದು ಮುಕ್ಕಾಲು ಪಾಲು ಮಾಯ. 600 ಡಿಪಿಐನಲ್ಲಿ, ಅಂದರೆ ಒಂದು ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಉದ್ದ ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೂ 300 ಉಳಿಯುತ್ತದೆ, ಪ್ರಿಂಟಿಗೆ ಅಷ್ಟು ಸಾಕು. ಅದಕ್ಕಿಂತ ದೊಡ್ಡದು ಮಾಡಬೇಡಿ. ಹಳೆ ಪತ್ರಿಕೆಯ ಬೂದು ಬಣ್ಣ ನಿಜಕ್ಕೂ ಬೂದು ಅಲ್ಲ, ಸಣ್ಣ ಸಣ್ಣ ಕಪ್ಪು ಚುಕ್ಕಿಗಳು. ಜಾಸ್ತಿ ಹಿಗ್ಗಿಸಿದರೆ ಮುಖ ಹೋಗಿ ಬರೀ ಚುಕ್ಕಿ ಕಾಣುತ್ತವೆ. ಸ್ಕ್ಯಾನರಿಗೆ ಈ ಚುಕ್ಕಿ ಕಂಡರೆ ಅಲೆಅಲೆಯಾಗಿ ಪಟ್ಟೆ ಬೇರೆ ಬರುತ್ತದೆ. ಡಿಸ್ಕ್ರೀನ್ ಅನ್ನುವ ಸೆಟ್ಟಿಂಗ್ ಹಾಕಿದೆ, ಸ್ವಲ್ಪ ಮಸುಕಾಯಿತು, ಪಟ್ಟೆ ಹೋಯಿತು. ಮಸುಕನ್ನು ನಾನು ಹಾಗೇ ಬಿಟ್ಟೆ.

ಮೊದಲ ಪ್ರಿಂಟ್ ಹಾಳಾಯಿತು. ಹಳದಿಯನ್ನೆಲ್ಲ ತೆಗೆದು ಕಾಗದವನ್ನು ಹಾಲಿನಷ್ಟು ಬೆಳ್ಳಗೆ ಮಾಡಿದ್ದೆ. ಗೋಡೆಗೆ ಹಾಕಿದರೆ ನಿನ್ನೆ ಆಫೀಸಿನಲ್ಲಿ ತೆಗೆದ ಜೆರಾಕ್ಸಿನ ಹಾಗೆ ಕಂಡಿತು. ಸಾಲದ್ದಕ್ಕೆ ಪ್ರಿಂಟ್ ಹಾಕಿದವರು ಅಂಚು ಸರಿ ಮಾಡುತ್ತಾ ಕೆಳಗಿನ ಸಾಲನ್ನೇ ಕತ್ತರಿಸಿದ್ದರು. ಆ ಸಾಲು ಇಲ್ಲದಿದ್ದರೆ ಚಿತ್ರ ಅರ್ಧ ಸತ್ತ ಹಾಗೆ. ಆ ಷೆಲ್ ತೂತಿನ ಚಿತ್ರವನ್ನೇ ನೋಡಿ, 'ಇಲಿ' ಅನ್ನುವ ಮಾತು ಹೋದರೆ ಉಳಿಯುವುದು ಬರೀ ಒಂದು ತೂತು. ಎರಡನೇ ಸಲ ತಿಳಿ ಕೆನೆ ಬಣ್ಣ ಉಳಿಸಿಕೊಂಡೆ, ಕಲೆಗಳಲ್ಲಿ ಮುಖದ ಮೇಲೆ ಬಿದ್ದಿದ್ದ ಒಂದೆರಡನ್ನು ಮಾತ್ರ ಒರೆಸಿದೆ, ಸುತ್ತ ಎರಡು ಸೆಂಟಿಮೀಟರ್ ಜಾಗ ಬಿಟ್ಟು 'ಇಲ್ಲಿ ಕತ್ತರಿಸಬೇಡಿ' ಅಂತ ದೊಡ್ಡದಾಗಿ ಬರೆದುಕೊಟ್ಟೆ. ಕಾಗದ ಹೊಳಪಿಲ್ಲದ ಹತ್ತಿಯದ್ದು, 300 ಜಿಎಸ್‌ಎಮ್, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಕದ್ದು, ಶಾಯಿ ಪಿಗ್ಮೆಂಟಿನದು. ದುಡ್ಡು ಸ್ವಲ್ಪ ಜಾಸ್ತಿ. ಹೊಳೆಯುವ ಫೋಟೋ ಕಾಗದದಲ್ಲಿ ಈ ಚಿತ್ರಗಳು ಬದುಕುವುದಿಲ್ಲ, ನೋಡಿಯೇ ಹೇಳುತ್ತಿದ್ದೇನೆ.

ಐದನೇ ಮೆಟ್ಟಿಲ ಹತ್ತಿರ ಇರುವುದು ಫೂಗಾಸ್‌ನ ಚಿತ್ರ. ನಿಜವಾದ ಹೆಸರು ಸಿರಿಲ್ ಕೆನೆತ್ ಬರ್ಡ್, 1915ರಲ್ಲಿ ಟರ್ಕಿಯ ಗಲಿಪೊಲಿ ಯುದ್ಧದಲ್ಲಿ ಬೆನ್ನುಮೂಳೆಗೆ ಭಾರೀ ಪೆಟ್ಟು ಬಿದ್ದವನು. 1940ರಲ್ಲಿ, ಬಾಯಿಗೆ ಬಂದದ್ದು ಮಾತಾಡಿದರೆ ಜೀವ ಹೋದೀತು ಅಂತ ಎಚ್ಚರಿಸುವ ಪೋಸ್ಟರುಗಳನ್ನು ಬರೆದ. ನನ್ನ ಹತ್ತಿರ ಇರುವುದರಲ್ಲಿ ಗೋಡೆ ಕಾಗದದ ಚಿತ್ತಾರದ ತುಂಬಾ ಹಿಟ್ಲರನ ಮುಖ! ಗೋಡೆಗೂ ಕಿವಿ ಇರುತ್ತೆ ಅಂತ ಅಡಿಬರಹ. ಊರಿಂದ ಬಂದಿದ್ದ ಅಮ್ಮನಿಗೆ ಅರ್ಥ ಹೇಳಿದಾಗ 'ಅಯ್ಯೋ, ಇದು ನಮ್ಮ ಗಾದೆ ಕಣೋ' ಅಂದರು. ಇದನ್ನು ಮಾತ್ರ ನಾನು ಮಾಡಿಸಿದ್ದಲ್ಲ, ಮ್ಯೂಸಿಯಂನವರ ಪ್ರಿಂಟನ್ನೇ ಕೊಂಡೆ.

ತೂಗುಹಾಕುವಾಗ ಮೊದಲು ಪೇಪರನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ ಟೇಪಿನಲ್ಲಿ ಅಂಟಿಸಿದೆ. ಒಂದು ವಾರ ಹತ್ತಿ ಇಳಿದು ನೋಡಿದೆ. ಮೆಟ್ಟಿಲ ಇಳಿಜಾರಿಗೇ ಸಾಲು ಇರಬೇಕು, ನೆಲಕ್ಕೆ ಸಮ ಮಾಡಿದರೆ ಕೊನೆಯದು ಮೊಣಕಾಲಿಗೆ ಬರುತ್ತದೆ. ಚಿತ್ರದ ಸುತ್ತಲಿನ ರಟ್ಟು ಆಮ್ಲ ಇಲ್ಲದ್ದೇ ಇರಲಿ, ಇಲ್ಲದಿದ್ದರೆ ಅಂಚಿನಲ್ಲಿ ಕಂದು ಗೆರೆ ಬೀಳುತ್ತದೆ. ಕೆಳಗಡೆ ರಟ್ಟಿನ ಅಗಲ ಸ್ವಲ್ಪ ಜಾಸ್ತಿ ಬಿಡಿಸಿ, ಆಗ ಅಡಿಬರಹಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

ಇಲಿಯ ಹಾಳೆ ಎಲ್ಲಕ್ಕಿಂತ ಮೇಲೆ, ಬಿಸಿಲು ಎಂದೂ ತಲುಪದ ಮೂಲೆಯಲ್ಲಿದೆ, ಮುಂದೆ ಯುವಿ, ಅಂದರೆ ಅತಿನೇರಳೆ ಕಿರಣ, ತಡೆಯುವ ಅಕ್ರಿಲಿಕ್ ಹಾಳೆ ಇದೆ. ಆದರೂ ನೂರು ದಾಟಿದ ಅಗ್ಗದ ಕಾಗದ, ಬೆಳಕು ತಿನ್ನುತ್ತಲೇ ಇರುತ್ತದೆ. ಅದಕ್ಕೆ ವರ್ಷದಲ್ಲಿ ಆರು ತಿಂಗಳು ಇಳಿಸಿ ಕಪಾಟಿನಲ್ಲಿ ಮಲಗಿಸುತ್ತೇನೆ, ಮೊಳೆ ಖಾಲಿ ಇರುತ್ತದೆ. 2030ರ ಜನವರಿಯಲ್ಲಿ ಅದರ ಪ್ರಿಂಟ್ ಹಾಕಿಸುತ್ತೇನೆ. ಕಾಗದದ ಅಳತೆ ಈಗಲೇ ಬರೆದಿಟ್ಟಿದ್ದೇನೆ.