ಹತ್ತಿ ಬಟ್ಟೆಗೆ ಬಿಡದ ಬಣ್ಣ: ಉಪ್ಪು ಮೊದಲು, ಸೋಡಾ ಆಮೇಲೆ

ಬಣ್ಣದ ನೀರಿನಲ್ಲಿ ಅದ್ದಿ ತೆಗೆದ ಬಟ್ಟೆಯೆಲ್ಲ ಬಣ್ಣ ಹಿಡಿದಿದೆ ಎನ್ನಲಾಗದು. ಬಣ್ಣ ನಾರಿನ ಮೇಲೆ ಸುಮ್ಮನೆ ಕೂತಿರಬಹುದು, ನಾರಿನೊಳಗೆ ಸಿಕ್ಕಿಕೊಂಡಿರಬಹುದು, ಇಲ್ಲವೇ ನಾರಿನ ಅಣುವಿಗೇ ಬೆಸೆದುಕೊಂಡಿರಬಹುದು. ಮೇಲೆ ಕೂತದ್ದು ಮೊದಲ ಒಗೆತಕ್ಕೇ ಹೋಗುತ್ತದೆ. ಬೆಸೆದದ್ದು ಹೋಗಬೇಕಾದರೆ ರಾಸಾಯನಿಕ ಬಂಧವೇ ಮುರಿಯಬೇಕು. ಹತ್ತಿಗೆ ಹೀಗೆ ಬೆಸೆದುಕೊಳ್ಳುವವು ರಿಯಾಕ್ಟಿವ್ ಬಣ್ಣಗಳು. ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐಯಲ್ಲಿ ರ‍್ಯಾಟಿ ಮತ್ತು ಸ್ಟೀಫನ್ 1954ರಲ್ಲಿ ಈ ದಾರಿ ಕಂಡುಕೊಂಡರು. 1956ರಲ್ಲಿ ಪ್ರೋಸಿಯಾನ್ ಹೆಸರಿನಲ್ಲಿ ಆ ಬಣ್ಣಗಳು ಮಾರುಕಟ್ಟೆಗೆ ಬಂದವು. ಕೆಳಗಿನ ವಿಧಾನ ಅದೇ ಬಗೆಯ, ಉಗುರುಬೆಚ್ಚಗಿನ ನೀರಿನಲ್ಲಿ ಕೆಲಸ ಮಾಡುವ ಎಂಎಕ್ಸ್ ಬಣ್ಣಗಳಿಗೆ.

ಬಣ್ಣದ ಅಣುವಿಗೆ ಎರಡು ಭಾಗ. ಒಂದು ಭಾಗದಲ್ಲಿ ಒಂಟಿ ಮತ್ತು ಜೋಡಿ ಬಂಧಗಳು ಒಂದಾದ ಮೇಲೊಂದು ಸಾಲಾಗಿರುತ್ತವೆ. ಬೆಳಕಿನ ಒಂದು ಪಾಲನ್ನು ಅದು ಹೀರುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ. ಕಿತ್ತಳೆ ಬೆಳಕನ್ನು ಹೀರಿದರೆ ಬಟ್ಟೆ ನೀಲಿ. ಇನ್ನೊಂದು ಭಾಗ ಕೊಕ್ಕೆಯಂತೆ, ನಾರನ್ನು ಹಿಡಿಯುವುದು ಅದೇ. ಎಂಎಕ್ಸ್ ಬಣ್ಣಗಳಲ್ಲಿ ಈ ಕೊಕ್ಕೆ ಎರಡು ಕ್ಲೋರಿನ್ ಹೊತ್ತ ಟ್ರೈಅಜೀನ್ ಎಂಬ ಇಂಗಾಲ-ಸಾರಜನಕದ ಉಂಗುರ.

ಮೊದಲು ಬಟ್ಟೆ ಯಾವುದೆಂದು ಖಚಿತಪಡಿಸಿಕೊಳ್ಳಿ. ಹತ್ತಿ, ಲಿನನ್, ವಿಸ್ಕೋಸ್ ಮೂರೂ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಮೂಲವಸ್ತು, ಈ ವಿಧಾನ ಮೂರಕ್ಕೂ ಸಲ್ಲುತ್ತದೆ. ಪಾಲಿಯೆಸ್ಟರ್‌ನಲ್ಲಿ ಕೊಕ್ಕೆಗೆ ಹಿಡಿತವೇ ಇಲ್ಲ. ಅದಕ್ಕೆ ನೀರಲ್ಲಿ ಕರಗದೆ ನುಣ್ಣಗೆ ಹರಡುವ ಡಿಸ್ಪರ್ಸ್ ಬಣ್ಣ ಮತ್ತು ಒತ್ತಡದಲ್ಲಿ ಸುಮಾರು 130 ಡಿಗ್ರಿ ಶಾಖ ಬೇಕು. ಹತ್ತಿಯ ಅಂಗಿಗೆ ಬಣ್ಣ ಹಾಕಿದ ಮೇಲೂ ಹೊಲಿಗೆ ಬೆಳ್ಳಗೆ ಉಳಿದಿದ್ದರೆ ಆ ದಾರ ಪಾಲಿಯೆಸ್ಟರ್ ಎಂದರ್ಥ. ಉಣ್ಣೆ, ರೇಷ್ಮೆಗೆ ಆಸಿಡ್ ಬಣ್ಣ, ವಿನೆಗರ್, ಬಿಸಿ ನೀರು ಸರಿ. ಇಲ್ಲಿ ಹೇಳುವ ಸೋಡಾ ಉಣ್ಣೆಯನ್ನು ಹಾಳುಮಾಡುತ್ತದೆ.

ಹೊಸ ಬಟ್ಟೆಯಲ್ಲಿ ಗಂಜಿ, ಮೇಣ, ಎಣ್ಣೆ ಇರುತ್ತವೆ. ಲೀಟರಿಗೆ 2 ಗ್ರಾಂ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್ ಪುಡಿ) ಮತ್ತು ಸ್ವಲ್ಪ ಸೋಪು ಬೆರೆಸಿದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಚೆನ್ನಾಗಿ ಜಾಲಾಡಿ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಹನಿ ಮಣಿಯಂತೆ ನಿಂತರೆ ಇನ್ನೊಮ್ಮೆ ಕುದಿಸಬೇಕು, ತಕ್ಷಣ ಇಂಗಿದರೆ ಬಟ್ಟೆ ಸಿದ್ಧ. ಮಚ್ಚೆ ಮಚ್ಚೆಯಾಗಿ ಬಣ್ಣ ಹಿಡಿಯುವುದಕ್ಕೆ ಮುಖ್ಯ ಕಾರಣ ಈ ಹಂತವನ್ನು ಬಿಟ್ಟುಬಿಡುವುದೇ.

500 ಗ್ರಾಂ ಒಣ ಬಟ್ಟೆಗೆ ಅಳತೆ:

- ನೀರು: 10 ಲೀಟರ್, 35ರಿಂದ 40 ಡಿಗ್ರಿ
- ಬಣ್ಣದ ಪುಡಿ: ತಿಳಿ ಬಣ್ಣಕ್ಕೆ 2.5 ಗ್ರಾಂ, ನಡುವಿನದಕ್ಕೆ 10, ಗಾಢಕ್ಕೆ 20, ಕಪ್ಪಿಗೆ 30–40
- ಉಪ್ಪು: ತಿಳಿಗೆ 250 ಗ್ರಾಂ, ಗಾಢಕ್ಕೆ 500
- ಸೋಡಾ ಆಶ್: 100 ಗ್ರಾಂ

ಹರಳಾಗಿ ಸಿಗುವ ವಾಷಿಂಗ್ ಸೋಡಾದಲ್ಲಿ ನೀರಿನ ಅಂಶವೇ ಹೆಚ್ಚು; ಅದಾದರೆ 270 ಗ್ರಾಂ ಬೇಕು. ಅಡುಗೆ ಸೋಡಾ ಬದಲಿಯಲ್ಲ. ಕ್ಷಾರದ ಮಟ್ಟ ತೋರಿಸುವ ಅಳತೆಯಾದ ಪಿಎಚ್ ಅದಕ್ಕೆ 8ರ ಆಸುಪಾಸು, ಇಲ್ಲಿ ಬೇಕಾದದ್ದು 10.5ಕ್ಕಿಂತ ಮೇಲೆ.

ಪುಡಿ ತೂಗುವಾಗ ಮಾಸ್ಕ್ ಮತ್ತು ಕೈಗವಸು ಹಾಕಲೇಬೇಕು. ಈ ಪುಡಿ ಶ್ವಾಸಕ್ಕೆ ಹೋದರೆ ಕಾಲಕ್ರಮೇಣ ಅಲರ್ಜಿ, ಆಸ್ತಮಾ ಬರಬಹುದು. ಪಾತ್ರೆ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಇರಲಿ, ಅಲ್ಯುಮಿನಿಯಂ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಪುಡಿಯನ್ನು ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಸೋಸಿ, ದೊಡ್ಡ ಪಾತ್ರೆಗೆ ಸುರಿಯಿರಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಹಾಕಿ 10 ನಿಮಿಷ ತಿರುವುತ್ತಿರಿ. ಈಗ ಉಪ್ಪು. ನೀರಲ್ಲಿ ಹತ್ತಿಯ ಮೇಲ್ಮೈಗೂ ಬಣ್ಣದ ಅಣುವಿಗೂ ಋಣಾವೇಶವೇ ಇರುವುದರಿಂದ ಒಂದನ್ನೊಂದು ದೂಡುತ್ತವೆ. ಉಪ್ಪು ಆ ತಳ್ಳಾಟವನ್ನು ಮರೆಮಾಡಿ ಬಣ್ಣವನ್ನು ನಾರಿನತ್ತ ಒಯ್ಯುತ್ತದೆ. ಆದರೆ ಬೆಸೆಯುವುದಿಲ್ಲ. ಉಪ್ಪು ಬಣ್ಣವನ್ನು ಗಟ್ಟಿಮಾಡುತ್ತದೆಂಬ ನಂಬಿಕೆ ತಪ್ಪು. ಮೂರು ಕಂತಿನಲ್ಲಿ, ಪ್ರತಿ ಬಾರಿ ಬಟ್ಟೆ ಬದಿಗೆ ಸರಿಸಿ ಉಪ್ಪು ಕರಗಿಸಿ, ಒಟ್ಟು ಅರ್ಧ ಗಂಟೆ ತಿರುವಿ.

ಸೋಡಾವನ್ನು ಬೇರೆ ಬಿಸಿ ನೀರಲ್ಲಿ ಪೂರ್ತಿ ಕರಗಿಸಿ, ಆರಿಸಿ, ನಿಧಾನಕ್ಕೆ ಸೇರಿಸಿ. ನೇರ ಬಟ್ಟೆಯ ಮೇಲೆ ಸುರಿದರೆ ಬಿದ್ದ ಜಾಗದಲ್ಲಿ ಬಣ್ಣ ಗಾಢವಾಗುತ್ತದೆ. ಈ ಗಳಿಗೆಯೇ ನಿರ್ಣಾಯಕ. ಕ್ಷಾರದಲ್ಲಿ ಸೆಲ್ಯುಲೋಸಿನ ಹೈಡ್ರಾಕ್ಸಿಲ್ (ಆಮ್ಲಜನಕ-ಹೈಡ್ರೋಜನ್ ಜೋಡಿ) ತನ್ನ ಹೈಡ್ರೋಜನನ್ನು ಬಿಟ್ಟು ಚುರುಕಾಗುತ್ತದೆ. ಕೊಕ್ಕೆಯ ಕ್ಲೋರಿನನ್ನು ಆಚೆ ತಳ್ಳಿ ತಾನೇ ಆ ಜಾಗ ಹಿಡಿಯುತ್ತದೆ. ಅಲ್ಲಿಗೆ ಬಂಧ ಮುಗಿಯಿತು. ಆದರೆ ನೀರಿಗೂ ಅದೇ ಕೊಕ್ಕೆಯ ಮೇಲೆ ಕಣ್ಣು. ನೀರಿಗೆ ಸಿಕ್ಕಿದ ಅಣು ಮತ್ತೆ ಬಟ್ಟೆಗೆ ಬೆಸೆಯದು. ಅದಕ್ಕೇ ಮೊದಲು ಉಪ್ಪಿನಿಂದ ಬಣ್ಣವನ್ನು ನಾರಿನ ಹತ್ತಿರ ತಂದುಕೊಂಡು, ಆಮೇಲಷ್ಟೇ ಸೋಡಾ ಬೆರೆಸುವುದು. ಮೊದಲ 15 ನಿಮಿಷ ಕೈಬಿಡದೆ ತಿರುವಿ, ಆಮೇಲೆ ಆಗಾಗ. ಒಟ್ಟು ಒಂದು ಗಂಟೆ. ಸೋಡಾ ಬೆರೆತ ನೀರನ್ನು ನಾಳೆಗೆಂದು ಇಡಬೇಡಿ, ಬಣ್ಣ ಕಂಡರೂ ಕೊಕ್ಕೆ ಸತ್ತಿರುತ್ತದೆ.

ಒಗೆಯುವುದಕ್ಕೂ ಕ್ರಮವಿದೆ. ಮೊದಲು ತಣ್ಣೀರಲ್ಲಿ ಎರಡು ಮೂರು ಸಲ ಜಾಲಾಡಿ ಉಪ್ಪು, ಸೋಡಾ ತೆಗೆಯಬೇಕು. ಉಪ್ಪು ಉಳಿದಿದ್ದರೆ ಬೇಡದ ಬಣ್ಣವೂ ನಾರಿಗೆ ಅಂಟಿಕೊಂಡೇ ಇರುತ್ತದೆ. ನಂತರ 60 ಡಿಗ್ರಿ ನೀರು, ಕೊನೆಗೆ ಸ್ವಲ್ಪ ಸೋಪು ಹಾಕಿ ಕುದಿಯುವ ಹಂತದ ನೀರಲ್ಲಿ 10–15 ನಿಮಿಷ. ಒದ್ದೆ ಬಟ್ಟೆಯ ಮೇಲೆ ಬಿಳಿ ತುಂಡಿಟ್ಟು ಬಿಸಿ ಇಸ್ತ್ರಿ ಒತ್ತಿ. ತುಂಡಿಗೆ ಬಣ್ಣ ಹತ್ತಿದರೆ ಬಿಸಿ ನೀರಿನ ಒಗೆತ ಇನ್ನೊಮ್ಮೆ.

ಬಣ್ಣ ಪೂರ್ತಿ ತಿಳಿಯಾಗಿ ಬಂದರೆ ನೀರು ತಣ್ಣಗಿತ್ತೇ, ಪುಡಿ ಹಳೆಯದೇ, ಸೋಡಾ ಕಡಿಮೆಯಾಯಿತೇ ನೋಡಿ. ಗಡಸು ನೀರಿನ ಸುಣ್ಣದ ಅಂಶ ಬಣ್ಣವನ್ನು ಮಂಕು ಮಾಡುತ್ತದೆ. ಆರಂಭದಲ್ಲೇ ಸುಣ್ಣದ ಅಂಶವನ್ನು ಹಿಡಿದಿಡುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟನ್ನು ಲೀಟರಿಗೆ 1–2 ಗ್ರಾಂ ಸೇರಿಸಿದರೆ ಸರಿಹೋಗುತ್ತದೆ. ಎರಡು ಬಣ್ಣ ಬೆರೆಸಿದ ಹಸಿರಿನಂಥದ್ದು ಅಂಚಿನಲ್ಲಿ ಬೇರೆ ಬೇರೆಯಾಗಿ ಹರಡಿದ್ದರೆ ಎರಡೂ ಬೇರೆ ವೇಗದಲ್ಲಿ ನಾರು ಸೇರಿವೆ ಎಂದು ತಿಳಿಯಿರಿ; ಮುಂದಿನ ಸಲ ಉಪ್ಪನ್ನು ಇನ್ನೂ ಸಣ್ಣ ಕಂತುಗಳಲ್ಲಿ ಹಾಕಿ.