ಅಮ್ಮನ ಚಟ್ನಿಪುಡಿ ಪುಟಕ್ಕೆ ನಾನು ಆರಿಸಿಕೊಂಡ ಎಡಿಟರ್

ರಾಜಾಜಿನಗರದ ನಮ್ಮ ಮನೆಯಲ್ಲಿ ಅಮ್ಮ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುಣಸೆ ತೊಕ್ಕು ಮಾಡಿ ಮಾರುತ್ತಾರೆ. ಅವರಿಗೊಂದು ವೆಬ್ ಪುಟ ಮಾಡಿಕೊಡಬೇಕು, ಅದೂ ಕನ್ನಡದಲ್ಲೇ, ಅಂತ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಯಲು ಕೂತೆ. ಕೈಯಲ್ಲಿದ್ದದ್ದು ಎಸ್.ಪಿ. ರೋಡಿನಲ್ಲಿ ಕೊಂಡ 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್.

ಅದರಲ್ಲಿ ಮೊದಲೇ ಇದ್ದ ಸಾದಾ ಎಡಿಟರಿನಲ್ಲಿ, ಅಂದರೆ ಬರೆದು ಸೇವ್ ಮಾಡುವ ತಂತ್ರಾಂಶದಲ್ಲಿ, ಶುರು ಮಾಡಿದೆ. 14 ತಿನಿಸುಗಳ ಹೆಸರು, ಬೆಲೆ ಟೈಪ್ ಮಾಡಿ ಸೇವ್ ಒತ್ತಿದೆ. ಏನೋ ಎಚ್ಚರಿಕೆ ಬಂತು. ಓದದೆ ಓಕೆ ಕೊಟ್ಟೆ. ಬ್ರೌಸರಿನಲ್ಲಿ ತೆರೆದರೆ ಚಟ್ನಿಪುಡಿ ಇರಬೇಕಾದ ಕಡೆ ಸಾಲುಸಾಲು ಪ್ರಶ್ನೆ ಚಿಹ್ನೆಗಳು! ಬೆಲೆಗಳು ಮಾತ್ರ ಸರಿಯಾಗಿದ್ದವು. ಫೈಲನ್ನೇ ತೆರೆದು ನೋಡಿದೆ, ಅಲ್ಲೂ ಅದೇ. ಬರೆದ ಕನ್ನಡವೆಲ್ಲ ಹೋಗಿತ್ತು. ಅವತ್ತು ರಾತ್ರಿ ತುಂಬಾ ಬೇಜಾರಾಯಿತು.

ಕಾರಣ ಆಮೇಲೆ ತಿಳಿಯಿತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ರೂಪಗಳು ಹಲವು. ನನ್ನ ಫೈಲ್ ಆನ್ಸಿ ಅನ್ನುವ ರೂಪದಲ್ಲಿ ಸೇವ್ ಆಗಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಯುಟಿಎಫ್-8 ಅನ್ನುವ ಇನ್ನೊಂದು ರೂಪದಲ್ಲಿ ಇದೆ. ಅಲ್ಲಿ 'ಕ' ಅನ್ನುವ ಒಂದು ಅಕ್ಷರಕ್ಕೆ 3 ಬೈಟ್ ಹಿಡಿಯುತ್ತದೆ. ಫೈಲೂ ಯುಟಿಎಫ್-8 ಆಗಿರಬೇಕು, ಬ್ರೌಸರಿಗೆ ಮಾಹಿತಿ ಕೊಡುವ, ಪುಟದ ಹೆಡ್ ಭಾಗದಲ್ಲಿ ಮೆಟಾ ಚಾರ್‌ಸೆಟ್ ಅನ್ನುವ ಸಾಲಿನಲ್ಲೂ ಅದೇ ಹೆಸರು ಬರೆದಿರಬೇಕು. ಇಲ್ಲದಿದ್ದರೆ ಬ್ರೌಸರ್ ಬೇರೇನೋ ಅಂದುಕೊಂಡು ಅರ್ಥವಾಗದ ಗುರುತುಗಳನ್ನು ತೋರಿಸಬಹುದು.

ಹಾಗಾಗಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನುವ ಎಡಿಟರ್ ಹಾಕಿಕೊಂಡೆ. ಉಚಿತ, ತುಂಬಾ ಹಗುರ. ಫೈಲ್ ಯಾವ ರೂಪದಲ್ಲಿದೆ ಅಂತ ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ. ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು ಬೇರೆ. ಪುಟದ ಒಂದು ಭಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಳುವ ಗುರುತೇ ಟ್ಯಾಗ್. ಒಂದು ಟ್ಯಾಗಿನ ಮೇಲೆ ಕರ್ಸರ್ ಇಟ್ಟರೆ ಅದರ ಜೋಡಿ ಟ್ಯಾಗಿಗೂ ಬಣ್ಣ ಬರುತ್ತದೆ. ಒಮ್ಮೆ ದೊಡ್ಡ ಶೀರ್ಷಿಕೆಯ ಟ್ಯಾಗಾದ ಎಚ್1 ಮುಚ್ಚಲು ಮರೆತಿದ್ದೆ. ಪುಟವೆಲ್ಲ ದಪ್ಪ ದಪ್ಪ ಅಕ್ಷರ. ಕರ್ಸರ್ ಇಟ್ಟೆ, ಜೋಡಿಗೆ ಬಣ್ಣ ಬರಲಿಲ್ಲ. ತಪ್ಪು ಅಲ್ಲೇ ಸಿಕ್ಕಿತು. ಟ್ಯಾಗನ್ನು ತಾನೇ ಮುಚ್ಚುವ ಸೌಲಭ್ಯವೂ ಅದರಲ್ಲಿದೆ. ನಾನು ಬೇಕಂತಲೇ ಅದನ್ನು ಬಳಸಲಿಲ್ಲ. ಕೈಗೆ ಅಭ್ಯಾಸ ಆಗಬೇಕು ಅಲ್ವಾ?

ನಡುವೆ ಒಂದು ದಿನ ಕೋಡ್ ಬರೆಯದೆ ಪುಟದ ಭಾಗಗಳನ್ನು ಎಳೆದು ಕೂರಿಸುವ ಥರದ ಎಡಿಟರನ್ನೂ ನೋಡಿದೆ. ಪುಟ ಚೆನ್ನಾಗಿಯೇ ಬಂತು. ಆದರೆ ತೊಕ್ಕಿನ ಒಂದು ಸಾಲಿನ ಸುತ್ತ ಅದು ತಾನೇ ಹಾಕಿದ್ದ, ಭಾಗಗಳನ್ನು ಒಟ್ಟುಗೂಡಿಸುವ ಟ್ಯಾಗುಗಳಾದ ಡಿವ್‌ಗಳನ್ನು ನೋಡಿ ನನಗೇನೂ ತಿಳಿಯಲಿಲ್ಲ. ಕಲಿಯುವವರಿಗೆ ಅದು ಬೇಡ.

ಮೂರು ತಿಂಗಳಾದ ಮೇಲೆ ಇನ್ನೊಂದು ಎಡಿಟರ್ ಆದ ವಿಎಸ್ ಕೋಡ್‌ಗೆ ಬಂದೆ. ಅದರಲ್ಲಿ ಆಶ್ಚರ್ಯ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಸಾಕು, ಇಡೀ ಪುಟದ ಚೌಕಟ್ಟು ಬರುತ್ತದೆ. ಮೆಟಾ ಚಾರ್‌ಸೆಟ್ ಕೂಡ ಅದರಲ್ಲೇ ಇರುತ್ತದೆ. ಮೊದಲ ದಿನವೇ ಇದು ಸಿಕ್ಕಿದ್ದರೆ ಆ ಸಾಲು ಯಾಕಿದೆ ಅಂತ ನಾನು ಕೇಳುತ್ತಲೇ ಇರಲಿಲ್ಲ. ಚೌಕಟ್ಟಿನ ಮೇಲ್ಭಾಗದಲ್ಲಿ ಭಾಷೆ 'ಇಎನ್' ಅಂತ, ಅಂದರೆ ಇಂಗ್ಲಿಷ್ ಅಂತ ಬಂದಿರುತ್ತದೆ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಗಳು ಯಾವ ಭಾಷೆಯ ದನಿ ಬಳಸಬೇಕು ಅಂತ ನೋಡುವುದು ಅಲ್ಲೇ. ಪ್ರತಿ ಹೊಸ ಪುಟದಲ್ಲೂ ನಾನು ಮೊದಲು ಅದನ್ನು 'ಕೆಎನ್' ಮಾಡಿ, ಆಮೇಲೆ ಅಮ್ಮನ ಪಟ್ಟಿ ಬರೆಯುತ್ತೇನೆ.